ಕರಸ್ಥಲವನ್ನು ಕಾಯುವ ಗರಗಸ

ಕಳೆದ ಶ್ರಾವಣದಲ್ಲಿ ಬಡಗಿ ಕಾಯಕದ ಭಕ್ತರೊಬ್ಬರು ನಮ್ಮ ಚಿಕಿತ್ಸಾಲಯಕ್ಕೆ ಬಂದಿದ್ದರು. ಟೇಬಲ್ ಗರಗಸಕ್ಕೆ ಸಿಕ್ಕಿ ಎಡಗೈಯ ಎರಡು ಬೆರಳುಗಳು ಹೋಗಿ ಆರು ತಿಂಗಳಾಗಿತ್ತು. ಗಾಯ ಮಾಗಿತ್ತು. ಇಷ್ಟಲಿಂಗಪೂಜೆಗೆ ಕುಳಿತಾಗ ಅಂಗೈಯನ್ನು ಸಮನಾಗಿ ಹಿಡಿಯಲಾಗುತ್ತಿಲ್ಲವೆಂಬುದೇ ಅವರ ಅಳಲು. ಅದಕ್ಕೆ ನಮ್ಮಲ್ಲಿ ಔಷಧವಿರಲಿಲ್ಲ. ಸುಶ್ರುತಾಚಾರ್ಯರು ಶಸ್ತ್ರವೈದ್ಯಕ್ಕೆ ಬೇಕಾದ 101 ಯಂತ್ರಗಳನ್ನು ಹೇಳಿ, ಅವುಗಳಲ್ಲಿ ಕೈಯೇ ಪ್ರಧಾನವೆಂದಿದ್ದಾರೆ. ರೋಗದ ಕಾರಣವನ್ನು ದೂರವಿಡುವ ನಿದಾನ ಪರಿವರ್ಜನವೇ ಆಯುರ್ವೇದದಲ್ಲಿ ಚಿಕಿತ್ಸೆಯ ಮೊದಲ ಮೆಟ್ಟಿಲು. ಆದ್ದರಿಂದ ಈ ತಿಂಗಳು ಮೂಲಿಕೆಗಳನ್ನು ಬದಿಗಿಟ್ಟು ಗರಗಸವನ್ನೇ ಪರಿಶೀಲಿಸೋಣ.

ಕೈಯನ್ನು ಗುರುತಿಸುವ ಗರಗಸಗಳು ವಿದೇಶಗಳಲ್ಲಿ ಬಳಕೆಗೆ ಬಂದಿವೆ. ಅಮೆರಿಕದ ಸ್ಟೀಫನ್ ಗ್ಯಾಸ್ ಎಂಬ ವಕೀಲರು 1999ರಲ್ಲಿ ರೂಪಿಸಿದ ಸಾ-ಸ್ಟಾಪ್ ಇವುಗಳಲ್ಲಿ ಹೆಸರಾದುದು. ಅದರ ಬ್ಲೇಡಿನಲ್ಲಿ ಅತ್ಯಲ್ಪ ವಿದ್ಯುತ್ ಸಂಕೇತವಿರುತ್ತದೆ. ಒಣಮರದಲ್ಲಿ ವಿದ್ಯುತ್ ಸರಾಗವಾಗಿ ಹರಿಯದು, ಮಾನವದೇಹದಲ್ಲಿ ಹರಿಯುತ್ತದೆ. ಚರ್ಮ ತಗುಲಿದೊಡನೆ ಸಂಕೇತ ಬದಲಾಗಿ, ಸ್ಪ್ರಿಂಗಿನ ಬಲದಿಂದ ಅಲ್ಯೂಮಿನಿಯಂ ತುಂಡೊಂದು ಬ್ಲೇಡಿನ ಹಲ್ಲುಗಳಿಗೆ ನಾಟುತ್ತದೆ. ಸುಮಾರು 5 ಮಿಲಿಸೆಕೆಂಡುಗಳಲ್ಲಿ ಬ್ಲೇಡು ನಿಂತು ಮೇಜಿನ ಕೆಳಗಿಳಿಯುತ್ತದೆ. ಬೆರಳೇ ಹೋಗಬಹುದಾಗಿದ್ದಲ್ಲಿ ಸಾಮಾನ್ಯವಾಗಿ ಗೀರುಗಾಯವಷ್ಟೇ ಆಗುತ್ತದೆ. ಆದರೆ ಆ ಬ್ರೇಕನ್ನು ಮತ್ತೆ ಬಳಸಲಾಗದು. ಬ್ಲೇಡೂ ಬಹುಮಟ್ಟಿಗೆ ಕೆಡುತ್ತದೆ. ಇನ್ನೊಂದು ತೊಡಕು ಹಸಿಮರದ್ದು. ತೇವದ ಮರವನ್ನೋ ಒಳಗಿನ ಮೊಳೆಯನ್ನೋ ಯಂತ್ರವು ಕೈಯೆಂದೇ ಬಗೆದೀತು. ಅಂತಹ ಮರ ಕೊಯ್ಯುವಾಗ ಈ ರಕ್ಷಣೆಯನ್ನು ಆರಿಸಬೇಕಾಗುತ್ತದೆ. ಆ ಹೊತ್ತಿನಲ್ಲಿ ಅದೂ ಬೇರೆ ಗರಗಸಗಳಷ್ಟೇ ನಿರ್ದಯಿ.

ಬಾಷ್ ಕಂಪನಿಯ ರಿಯಾಕ್ಸ್ ಗರಗಸ ಬ್ಲೇಡನ್ನು ಕೆಡಿಸದೆ ಥಟ್ಟನೆ ಕೆಳಕ್ಕಿಳಿಸುತ್ತಿತ್ತು. ಪೇಟೆಂಟ್ ವ್ಯಾಜ್ಯದಿಂದಾಗಿ ಅಮೆರಿಕದ ಮಾರುಕಟ್ಟೆಯಿಂದ ಮರೆಯಾಯಿತು. ಆಸ್ಟ್ರಿಯದ ಫೆಲ್ಡರ್ ಕಂಪನಿಯ ವ್ಯವಸ್ಥೆಯು ಕೈ ಮುಟ್ಟುವ ಮೊದಲೇ ಅದರ ಸಾಮೀಪ್ಯವನ್ನರಿತು ಬ್ಲೇಡನ್ನು ಇಳಿಸುತ್ತದೆ; ಏನೂ ಕೆಡುವುದಿಲ್ಲ. ಜರ್ಮನಿಯ ಆಲ್ಟೆಂಡಾರ್ಫ್ ಯಂತ್ರದಲ್ಲಿ ಮೇಲಿನ ಕ್ಯಾಮೆರಾಗಳು ಕೈಯನ್ನು ಗುರುತಿಸುತ್ತವೆ. ಇವೆರಡೂ ದೊಡ್ಡ ಕಾರ್ಖಾನೆಗಳಿಗೆ ತಕ್ಕವು, ಊರ ಬಡಗಿಯ ಕೈಗೆಟುಕುವಂಥವಲ್ಲ.

ಮರ ಹಿಂದಕ್ಕೆ ಸಿಡಿಯುವುದನ್ನು ತಡೆಯುವುದು ಈ ಸಂವೇದಕಗಳ ಕೆಲಸವಲ್ಲ. ಕೊಯ್ದ ಸೀಳು ಕೂಡಿಕೊಂಡು ಬ್ಲೇಡಿನ ಹಿಂಭಾಗವನ್ನು ಬಿಗಿಹಿಡಿದರೆ ಹಲಗೆ ಕೆಲಸಗಾರನತ್ತಲೇ ಚಿಮ್ಮುತ್ತದೆ, ಕೈಯನ್ನು ಬ್ಲೇಡಿನೆಡೆಗೆ ಎಳೆಯಲೂಬಹುದು. ಇದಕ್ಕೆ ಬೇಕಾದುದು ಬ್ಲೇಡಿನ ಹಿಂದೆ ನಿಂತು ಸೀಳನ್ನು ತೆರೆದಿಡುವ ರೈವಿಂಗ್ ನೈಫ್ ಎಂಬ ಉಕ್ಕಿನ ಪಟ್ಟಿ. ಬ್ಲೇಡಿಗೆ ಗಾರ್ಡ್, ಹಲಗೆ ತಳ್ಳಲು ಒಂದು ಕೋಲು ಇವೂ ಇರಬೇಕು. ನಮ್ಮ ಭಕ್ತರ ಯಂತ್ರದೊಂದಿಗೆ ಗಾರ್ಡ್ ಬಂದಿತ್ತು. ಅಡ್ಡಬರುತ್ತದೆಂದು ಬಿಚ್ಚಿ ಮೂಲೆಗಿಟ್ಟಿದ್ದರಂತೆ! ಶಕ್ತಿಯುಳ್ಳವರು ಸಂವೇದಕದ ಗರಗಸ ಕೊಳ್ಳಲಿ; ಆದರೆ ಅದನ್ನು ಕೊಂಡವರಿಗೂ ಈ ಮೂರು ತಪ್ಪಿದ್ದಲ್ಲವೆಂಬುದು ನಮ್ಮ ಅಭಿಮತ. ಗರಗಸದ ಮುಂದೆ ಕೈಗವಸು ಮಾತ್ರ ಬೇಡ. ಬ್ಲೇಡು ಅದನ್ನು ಸೆಳೆದರೆ ಕೈಯೂ ಹಿಂಬಾಲಿಸುತ್ತದೆ.

ಬೆರಳು ತುಂಡಾದಾಗ ಅರಿಶಿನ, ಸುಣ್ಣ, ಕಾಫಿಪುಡಿ ಯಾವುದನ್ನೂ ಮೆತ್ತಬಾರದು. ಆಯುರ್ವೇದ ವೈದ್ಯರಾದ ನಾವೇ ಇದನ್ನು ಹೇಳುತ್ತಿದ್ದೇವೆ. ಗಾಯವನ್ನು ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು ಕೈಯನ್ನು ಮೇಲೆತ್ತಿಡಿ. ತುಂಡಾದ ಬೆರಳನ್ನು ಒದ್ದೆಯಾದ ಶುಭ್ರ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ನೀರು ಹೋಗದಂತೆ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆತ ನೀರಿನಲ್ಲಿಡಿ. ಬೆರಳಿಗೆ ಮಂಜುಗಡ್ಡೆ ನೇರವಾಗಿ ತಾಗಬಾರದು. 108ಕ್ಕೆ ಕರೆಮಾಡಿ, ಬೆರಳು ಮರುಜೋಡಿಸುವ ಶಸ್ತ್ರಚಿಕಿತ್ಸೆಯಿರುವ ಆಸ್ಪತ್ರೆಗೆ ತಡಮಾಡದೆ ಒಯ್ಯಿರಿ.