ವೇತನಧರ್ಮ

ಬೆಂಗಳೂರಿನ ಹೆಬ್ಬಾಳದಿಂದ ಯಲಹಂಕದ ಕಡೆಗೆ ಬೆಳಗಿನ ಜಾವದಲ್ಲಿ ಹೋಗುವವರಿಗೆ, ಮಾರ್ಗದ ಅಂಚಿನಲ್ಲಿ ಸಮವಸ್ತ್ರವನ್ನು ಧರಿಸಿ ವಾಹನಕ್ಕಾಗಿ ಕಾದು ನಿಂತಿರುವ ತರುಣತರುಣಿಯರು ಕಣ್ಣಿಗೆ ಬೀಳುವರು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣವು ತೆರೆದಂದಿನಿಂದ ಈ ಪ್ರಾಂತದ ಎಷ್ಟೋ ಮನೆಗಳ ಒಲೆಯು ವಿಮಾನಯಾನದ ಸಂಬಳದಿಂದಲೇ ಉರಿಯುತ್ತಿದೆ. ಆ ಸಂಬಳವು ನಿಂತರೆ ಏನಾಗುವುದೆಂಬುದನ್ನು ಈ ನಗರವು ಒಮ್ಮೆ ಕಣ್ಣಾರೆ ಕಂಡಿದೆ. ಆ ವೃತ್ತಾಂತವನ್ನು ವಾಚಕರು ಮತ್ತೊಮ್ಮೆ ಸ್ಮರಿಸಿಕೊಳ್ಳುವುದು ಉಚಿತವೆಂದು ತೋರುತ್ತದೆ.

ಬೆಂಗಳೂರನ್ನೇ ಮೂಲಸ್ಥಾನವಾಗಿ ಮಾಡಿಕೊಂಡಿದ್ದ ಕಿಂಗ್‌ಫಿಷರ್ ವಿಮಾನಸಂಸ್ಥೆಯು 2005ರ ಮೇ ತಿಂಗಳಲ್ಲಿ ಬಹು ವೈಭವದಿಂದ ಹಾರಾಟವನ್ನು ಆರಂಭಿಸಿತು. ಸಾಮಾನ್ಯರೂ ವಿಮಾನವನ್ನೇರಲೆಂದು ಕ್ಯಾಪ್ಟನ್ ಜಿ. ಆರ್. ಗೋಪಿನಾಥರು 2003ರಲ್ಲಿ ಆರಂಭಿಸಿದ ಏರ್ ಡೆಕ್ಕನ್ ಸಹ 2008ರಲ್ಲಿ ಅದರೊಳಗೆ ಲೀನವಾಯಿತು. ಸಾಲವು ಬೆಳೆಯಿತು, ಲಾಭವು ಒಂದು ವರ್ಷವೂ ಬರಲಿಲ್ಲ. 2012ರಲ್ಲಿ ಸಂಬಳವು ತಿಂಗಳುಗಟ್ಟಲೆ ತಡೆಯಿತು. ಆ ವರ್ಷದ ಏಪ್ರಿಲಿನಲ್ಲಿ, ಕೆಳದರ್ಜೆಯ ನೌಕರರಿಗೆ ಮೊದಲು, ಚಾಲಕರಿಗೂ ಇಂಜಿನಿಯರುಗಳಿಗೂ ಅನಂತರ ಎಂದು ಆಡಳಿತವರ್ಗವು ಸರದಿಯನ್ನು ಸಾರಿತು.

ಹಸಿದವನಿಗೆ ಮೊದಲು ಬಡಿಸುವುದು ಧರ್ಮವೇ ಸರಿ. ಆದರೆ ಉಳಿದವರ ಎಲೆಗೆ ಅನ್ನವು ಎಂದು ಬೀಳುವುದೋ ತಿಳಿಯದಿದ್ದರೆ ಪಂಕ್ತಿಯಲ್ಲಿ ಕಲಹವು ಹುಟ್ಟದಿರುವುದೆ? ಚಾಲಕನು, ‘ನೂರಾರು ಪ್ರಾಣಗಳ ಹೊಣೆ ನನ್ನದು’ ಎನ್ನುವನು. ಇಂಜಿನಿಯರನು, ‘ನಾನು ಪರೀಕ್ಷಿಸಿ ರುಜು ಹಾಕದೆ ವಿಮಾನವು ನೆಲವನ್ನು ಬಿಡಲಾರದು’ ಎನ್ನುವನು. ಮೂಟೆ ಹೊರುವವನು, ‘ನಿಮಗಾದರೆ ಕೂಡಿಟ್ಟದ್ದುಂಟು, ನನಗೆ ಮನೆಬಾಡಿಗೆಗೂ ಗತಿಯಿಲ್ಲ’ ಎನ್ನುವನು. ಮೂವರ ಮಾತೂ ನಿಜವೇ. ಆದರೆ ಕೊಡಬೇಕಾದವನನ್ನು ಬಿಟ್ಟು ಮೂವರೂ ಒಬ್ಬರ ಎಲೆಯನ್ನೊಬ್ಬರು ನೋಡತೊಡಗುವುದೇ ಇಂತಹ ಮಿತವ್ಯಯದ ದುಷ್ಫಲ.

ಸೆಪ್ಟೆಂಬರಿನ ಕಡೆಯಲ್ಲಿ ಇಂಜಿನಿಯರುಗಳು ಕೆಲಸವನ್ನು ನಿಲ್ಲಿಸಿದರು. ಅಕ್ಟೋಬರ್ 1ರಂದು ಸಂಸ್ಥೆಯು ಬೀಗಮುದ್ರೆಯನ್ನು ಘೋಷಿಸಿತು; 20ರಂದು ಸರ್ಕಾರದ ವಿಮಾನಯಾನ ನಿರ್ದೇಶನಾಲಯವು ಪರವಾನಗಿಯನ್ನು ಅಮಾನತ್ತಿನಲ್ಲಿರಿಸಿತು. ಸರದಿಯಲ್ಲಿ ಮುಂದಿದ್ದವರೂ ಹಿಂದಿದ್ದವರೂ ಒಂದೇ ಬೀದಿಯಲ್ಲಿ ನಿಂತರು. 2016ರ ನವೆಂಬರಿನಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಸಂಸ್ಥೆಯನ್ನು ಸಮಾಪ್ತಿಗೊಳಿಸಲು ಆಜ್ಞಾಪಿಸಿತು. ಹಳೆಯ ನೌಕರರ ಬಾಕಿಗಾಗಿ ಸುಮಾರು 312 ಕೋಟಿ ರೂಪಾಯಿಗಳನ್ನು ಬಿಡುಗಡೆ ಮಾಡುವ ಆಜ್ಞೆಯು ಹೊರಟದ್ದು 2025ರ ಡಿಸೆಂಬರಿನಲ್ಲಿ! ಸಂಬಳವು ನಿಂತ ವರ್ಷದಲ್ಲಿ ಅಕ್ಷರಾಭ್ಯಾಸಕ್ಕೆ ಕುಳಿತ ಮಗುವು ಅಷ್ಟು ಹೊತ್ತಿಗೆ ಕಾಲೇಜನ್ನು ಸೇರಿರಬೇಕು.

ನಮ್ಮ ಪ್ರಾಚೀನರು ಈ ವಿಷಯವನ್ನು ಅರಿಯದವರಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರವು, ವೇತನವನ್ನು ಕೊಡದ ಯಜಮಾನನಿಗೆ ಅದರ ಹತ್ತರಲ್ಲೊಂದು ಭಾಗವನ್ನಾಗಲಿ ಆರು ಪಣಗಳನ್ನಾಗಲಿ ದಂಡವಾಗಿ ವಿಧಿಸುತ್ತದೆ. ನಮ್ಮ ಕಾಲದ 2019ರ ವೇತನಸಂಹಿತೆಯೂ ಮಾಸವೇತನವು ಮುಂದಿನ ತಿಂಗಳ 7ನೆಯ ದಿನದೊಳಗೆ ಸಲ್ಲಬೇಕೆನ್ನುತ್ತದೆ. ಇದರಲ್ಲಿ ಚಾಲಕನೆಂದೂ ಹಮಾಲನೆಂದೂ ಭೇದವನ್ನೆಣಿಸಿಲ್ಲ.

ವೆಚ್ಚವನ್ನು ತಗ್ಗಿಸುವುದು ದೋಷವಲ್ಲ. ಕಷ್ಟಕಾಲ ಬಂದಾಗ ಬಲ್ಲ ಗೃಹಿಣಿಯು ಮನೆಯ ಸ್ಥಿತಿಯನ್ನು ಎಲ್ಲರಿಗೂ ಬಿಚ್ಚಿ ಹೇಳಿ, ಮೊದಲು ತನ್ನ ತುತ್ತನ್ನು ತಗ್ಗಿಸಿಕೊಂಡು, ಆಮೇಲೆ ಉಳಿದವರದಕ್ಕೆ ಕೈಹಾಕುವಳು. ಮುಚ್ಚಿಟ್ಟ ಬಡತನಕ್ಕಿಂತ ಬಿಚ್ಚಿಟ್ಟ ಬಡತನವನ್ನು ಜನರು ಸಹಿಸುವರು.

ಪರರಿಗೆ ಬೋಧಿಸುವ ನಾನೇನೂ ನಿರ್ದೋಷಿಯಲ್ಲ. ಹೋದ ಹಬ್ಬದ ಖರ್ಚಿನಲ್ಲಿ ನಮ್ಮ ಮನೆಗೆಲಸದಾಕೆಯ ಸಂಬಳವು ನಾಲ್ಕು ದಿನ ತಡವಾಯಿತು. ಆಕೆ ಜಗಳವಾಡಲಿಲ್ಲ. ‘ಪೇಪರಿನವನಿಗೆ ಕೊಟ್ಟಿರಾ, ಮೇಷ್ಟ್ರೇ?’ ಎಂದು ಮಾತ್ರ ಕೇಳಿದಳು. ಕೊಟ್ಟಿದ್ದೆ. ಅಂದಿನಿಂದ ತಿಂಗಳ ಮೊದಲನೆಯ ದಿನ ಮೊದಲು ಆಕೆಯ ಹಣವನ್ನು ಎಣಿಸಿಟ್ಟು, ಆಮೇಲೆ ಉಳಿದ ಲೆಕ್ಕವನ್ನು ಬರೆಯುತ್ತೇನೆ.