ಆನ್‌ಲೈನ್ ಆರ್ಡರ್ ಪೇಜ್ ಮಾಡಿಸಿದ್ದೀರಾ? ಬೆಲೆ ಎಲ್ಲಿಂದ ಬರುತ್ತೆ ಅಂತ ಕೇಳಿ ನೋಡಿ

ಪೇಟೆಯ ಒಬ್ಬ ಕಿರಾಣಿ ಅಂಗಡಿಯವರು ಹೋದ ತಿಂಗಳು ಆನ್‌ಲೈನ್ ಆರ್ಡರ್ ಪೇಜ್ ಮಾಡಿಸಿದರು. ಮೊದಲ ದಿನವೇ ಗಿರಾಕಿಯ ಫೋನ್: "ಅಣ್ಣಾ, ಒಂದು ಕೆಜಿ ಸಕ್ಕರೆ, ಅರ್ಧ ಕೆಜಿ ಅವಲಕ್ಕಿಗೆ 4540 ರೂಪಾಯಿನಾ?" ಸಕ್ಕರೆ 45, ಅವಲಕ್ಕಿ 40. ಆಗಬೇಕಿದ್ದು 85. ಪೇಜ್ ಎರಡನ್ನೂ ಕೂಡಿಸದೆ ಅಕ್ಕಪಕ್ಕ ಇಟ್ಟುಬಿಟ್ಟಿತ್ತು.

ಇಂಥ ಪೇಜ್‌ಗಳನ್ನು ಬಹಳಷ್ಟು ಹುಡುಗರು ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ ಮಾಡ್ತಾರೆ. 2013ರಲ್ಲಿ ಫೇಸ್‌ಬುಕ್ ಎಲ್ಲರ ಬಳಕೆಗೆ ಬಿಟ್ಟಿದ್ದು. ಇದರಲ್ಲಿ ಪೇಜಿನ ಯಾವುದೇ ಬಟನ್‌ಗೆ ಒಂದು ಗುಪ್ತ ಚೀಟಿ ಅಂಟಿಸಬಹುದು. ನೀವು ಬೇಳೆ ಡಬ್ಬದ ಹಿಂದೆ ಬೆಲೆ ಬರೆದು ಅಂಟಿಸ್ತೀರಲ್ಲ, ಹಾಗೆ. ಇದಕ್ಕೆ ಡೇಟಾ ಆಟ್ರಿಬ್ಯೂಟ್ ಅಂತಾರೆ. ಹೆಸರು 'ಡೇಟಾ' ಅಂತ ಶುರುವಾಗಿ, ಒಂದು ಅಡ್ಡಗೆರೆ, ಆಮೇಲೆ ನಮಗೆ ಬೇಕಾದ ಹೆಸರು: ಡೇಟಾ-ಪ್ರೈಸ್, ಡೇಟಾ-ಕೋಡ್ ಹೀಗೆ.

ತೊಂದರೆ ಏನಂದ್ರೆ, ಆ ಚೀಟಿಯಲ್ಲಿ ಏನೇ ಬರೆದರೂ ಓದುವಾಗ ಅಕ್ಷರವಾಗಿಯೇ ಸಿಗುತ್ತೆ, ಅಂಕಿಯಾಗಿ ಅಲ್ಲ. ಜಾವಾಸ್ಕ್ರಿಪ್ಟ್‌ಗೆ ಎರಡು ಪದ ಕೊಟ್ಟು ಕೂಡಿಸು ಅಂದ್ರೆ ಜೋಡಿಸಿ ಕೊಡುತ್ತೆ. 45, 40 ಸೇರಿ 4540. ಓದಿದ್ದನ್ನು ಮೊದಲು 'ನಂಬರ್' ಮಾಡಿಕೊಂಡು ಕೂಡಿಸಿದ್ದರೆ ಮುಗೀತಿತ್ತು, ಒಂದು ಸಾಲಿನ ಕೆಲಸ.

ಈ ತಪ್ಪು ಗಿರಾಕಿಯ ಕಣ್ಣಿಗೇ ಬಿತ್ತು, ಪುಣ್ಯ. ಅಂಗಡಿಯವರು ಹೆದರಬೇಕಾದ್ದು ಇನ್ನೊಂದಕ್ಕೆ. ಚೀಟಿ ಪರದೆ ಮೇಲೆ ಕಾಣೋದಿಲ್ಲ ನಿಜ, ಆದ್ರೆ ಬೀಗ ಹಾಕಿದ್ದೂ ಅಲ್ಲ. ಕಂಪ್ಯೂಟರಿನಲ್ಲಿ ಪೇಜ್ ತೆರೆದು, ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ 'ಇನ್‌ಸ್ಪೆಕ್ಟ್' ಒತ್ತಿದರೆ ಚೀಟಿ ಎದುರಿಗೇ ಬರುತ್ತೆ. 45 ಅಳಿಸಿ 5 ಬರೆಯೋಕೆ ಅರ್ಧ ನಿಮಿಷ ಸಾಕು. ಕಾಲೇಜು ಹುಡುಗರಿಗೆ ಇದು ಗೊತ್ತಿಲ್ಲ ಅಂದುಕೊಳ್ಳಬೇಡಿ. ಬಟನ್ ಒತ್ತಿದಾಗ ಪೇಜ್ ಚೀಟಿ ನೋಡಿಯೇ ಬಿಲ್ ಮಾಡೋದಾದರೆ 5 ರೂಪಾಯಿ ಬಿಲ್. ದುಡ್ಡು ಬಂತು ಅಂತ ಮೆಸೇಜ್ ನೋಡಿ ಸಕ್ಕರೆ ಕಟ್ಟಿದರೆ ನಷ್ಟ ನಿಮ್ಮದೇ.

ಹಾಗಂತ ಚೀಟಿಯೇ ಬೇಡ ಅಂತಲ್ಲ. ಅದರಲ್ಲಿ ಸಾಮಾನಿನ ಕೋಡ್ ಮಾತ್ರ ಇರಲಿ. ಬೆಲೆಯನ್ನು ನಿಮ್ಮ ಸರ್ವರಿನ ಪಟ್ಟಿಯಿಂದ ತೆಗೆದು, ಬಿಲ್ ಅಲ್ಲೇ ಆಗಲಿ. ಯಾರಾದರೂ ಕೋಡ್ ಬದಲಿಸಿದರೆ ಬೇರೆ ಸಾಮಾನು ಬರುತ್ತೆ, ಅದರ ಪೂರ್ತಿ ಬೆಲೆಗೇ.

ಪೇಜ್ ಮಾಡಿಕೊಡುವ ಹುಡುಗರಿಗೂ ಒಂದು ಮಾತು: ಆ ಹೆಸರುಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಬರೆಯಿರಿ. ನಡುವೆ ದೊಡ್ಡಕ್ಷರ ಹಾಕಿದರೆ ಬ್ರೌಸರ್ ಅದನ್ನು ಸಣ್ಣದು ಮಾಡಿಬಿಡುತ್ತೆ, ಆಮೇಲೆ ಹುಡುಕಿದರೆ ಸಿಗಲ್ಲ. ನೀವೇ ಮಾಡಿದ ಕಾಂಪೊನೆಂಟ್‌ಗೆ ಚೀಟಿ ಕೊಟ್ಟರೆ ಅದು ತಾನಾಗಿ ಒಳಗಿನ ಬಟನ್‌ಗೆ ಹೋಗಲ್ಲ, ನೀವೇ ದಾಟಿಸಬೇಕು.

ಅಂಗಡಿಯವರು ಇವತ್ತೇ ಎರಡು ಸಾಮಾನು ಆರ್ಡರ್ ಮಾಡಿ ಒಟ್ಟು ನೋಡಿ. ಆಮೇಲೆ ಪೇಜ್ ಮಾಡಿದವನನ್ನು ಎದುರಿಗೆ ಕೂರಿಸಿಕೊಂಡು, ಸಕ್ಕರೆ ಬೆಲೆ 5 ಮಾಡಿ ಆರ್ಡರ್ ಹಾಕು ಅನ್ನಿ. ಅಂಗಡಿಗೆ ಬಂದ ಬಿಲ್‌ನಲ್ಲಿ 45 ಇದ್ದರೆ ಸರಿ. 5 ಇದ್ದರೆ ಬಾಕಿ ಹಣ ಕೊಡೋ ಮೊದಲು ಸರಿ ಮಾಡಿಸಿಕೊಳ್ಳಿ.