ಮೂರನೆಯ ಗಿಟಾರು

ವಾದ್ಯಗಳ ಸಂಗ್ರಹವೆಂದೊಡನೆ ಗಾಜಿನ ಕಪಾಟು, ಅದರೊಳಗೆ ಮಖಮಲ್ಲಿನ ಹಾಸು, ಪಕ್ಕದಲ್ಲೊಂದು ಹಿತ್ತಾಳೆಯ ಫಲಕ ಇವೇ ಕಣ್ಣಿಗೆ ಕಟ್ಟುತ್ತವೆ. ಆದರೆ ಸಂಗ್ರಹವು ಸಿರಿವಂತರ ಸೊತ್ತೇ ಆಗಬೇಕೆಂಬ ಕಟ್ಟಳೆಯೇನೂ ಇಲ್ಲ. ನಮ್ಮ ಕಾಲೇಜಿನ ನಾಲ್ವರು ಗೆಳೆಯರ ವಾದ್ಯವೃಂದಕ್ಕೂ ಒಂದು ಸಂಗ್ರಹವುಂಟು. ಅದರಲ್ಲಿರುವುದು ಎರಡೇ ಗಿಟಾರುಗಳು: ವಿದ್ಯುತ್ತಿನ ಹಂಗಿಲ್ಲದ ಪೊಳ್ಳು ಒಡಲಿನದೊಂದು, ಸ್ಟ್ರಾಟೊಕಾಸ್ಟರ್ ಮಾದರಿಯ ವಿದ್ಯುತ್ ಗಿಟಾರೊಂದು. ಗಣೇಶನ ಪೆಂಡಾಲುಗಳಲ್ಲಿಯೂ ರಾಜ್ಯೋತ್ಸವದ ವೇದಿಕೆಗಳಲ್ಲಿಯೂ ನುಡಿಸಿ ಕೂಡಿಟ್ಟ ಹಣ ಈಗ ಇಪ್ಪತ್ತು ಸಾವಿರ ರೂಪಾಯಿಗಳನ್ನು ಮುಟ್ಟಿದೆ; ಮೂರನೆಯದನ್ನು ಕೊಳ್ಳಬೇಕೆಂದು ನಿಶ್ಚಯವಾಗಿದೆ. ನಾಲ್ವರಲ್ಲಿ ಮೂವರು ತಂತಮ್ಮ ಮನೆಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ಈ ಹಣ ಕೆಲಸಕ್ಕೆ ಬಾರದ ವಾದ್ಯಕ್ಕೆ ಹೋದರೆ, ಮತ್ತೆ ಅಷ್ಟನ್ನು ಮನೆಯಲ್ಲಿ ಕೇಳಿ ತರುವ ಮಾತೇ ಇಲ್ಲ. ಆದ್ದರಿಂದ ಕಳೆದ ಕೆಲವು ತಿಂಗಳುಗಳಲ್ಲಿ ಓದಿ, ಕೇಳಿ, ಅಂಗಡಿಗಳಲ್ಲಿ ಮುಟ್ಟಿ ನೋಡಿ ತಿಳಿದುಕೊಂಡುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವಿದ್ಯುತ್ ಗಿಟಾರು ನುಡಿಯುವ ಬಗೆಯನ್ನು ತಿಳಿಯಬೇಕು. ವೀಣೆಯಲ್ಲಿ ತಂತಿಯ ಕಂಪನವು ಕುದುರೆಯ ಮೂಲಕ ಕೊಡಕ್ಕೆ ಇಳಿದು, ಅಲ್ಲಿ ಹಿಗ್ಗಿ ನಮ್ಮ ಕಿವಿಗೆ ಬರುತ್ತದೆ. ಕೊಡದ ಮರವೇ ಅದರ ಪ್ರಾಣ. ವಿದ್ಯುತ್ ಗಿಟಾರಿನ ಮಾತು ಬೇರೆ. ಅದರ ತಂತಿಗಳ ಕೆಳಗೆ ಅಯಸ್ಕಾಂತವೂ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಏಳೆಂಟು ಸಾವಿರ ಸುತ್ತುಗಳೂ ಇರುವ ಒಂದು ಸಾಧನವಿದೆ. ಅದಕ್ಕೆ ಪಿಕಪ್ಪು ಎಂದು ಹೆಸರು. ಉಕ್ಕಿನ ತಂತಿ ಅಲುಗಿದಾಗ ಅಯಸ್ಕಾಂತದ ಕ್ಷೇತ್ರವೂ ಅಲುಗಿ, ಸುರುಳಿಯಲ್ಲಿ ಅತಿ ಸಣ್ಣ ವಿದ್ಯುತ್ಪ್ರವಾಹ ಹುಟ್ಟುತ್ತದೆ. ಧ್ವನಿವರ್ಧಕವು ಅದನ್ನೇ ಹಿಗ್ಗಿಸಿ ಕೇಳಿಸುತ್ತದೆ. ವಿಜ್ಞಾನ ಕಾಲೇಜಿನ ಗೆಳೆಯರು ಇದನ್ನು ಫ್ಯಾರಡೆಯ ನಿಯಮವೆಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನಮಗೆ ಬೇಕಾದುದು ಆ ಸಾಲಿನ ಫಲ: ಪಿಕಪ್ಪು ಆಲಿಸುವುದು ತಂತಿಯನ್ನು, ಮರವನ್ನಲ್ಲ. ಅಮೆರಿಕದಲ್ಲಿ ಜಾರ್ಜ್ ಬೀಚಮ್ ಎಂಬಾತ ರೂಪಿಸಿ, 1932ರಲ್ಲಿ ಮಾರಾಟಕ್ಕೆ ಬಂದ ರಿಕನ್‌ಬ್ಯಾಕರ್ ಸಂಸ್ಥೆಯ ಮೊದಲ ವಿದ್ಯುತ್ ಗಿಟಾರಿನಲ್ಲಿ ಒಡಲು ಮರದ್ದೇ ಅಲ್ಲ, ಅಲ್ಯೂಮಿನಿಯಮಿನ ಎರಕ. ತೊಡೆಯ ಮೇಲಿಟ್ಟು ನುಡಿಸುವ ಆ ಹವಾಯಿ ಗಿಟಾರಿನ ದುಂಡು ಒಡಲನ್ನೂ ಉದ್ದನೆಯ ಹಿಡಿಯನ್ನೂ ಕಂಡು ಜನ ಅದನ್ನು ಬಾಣಲೆಯೆಂದೇ ಕರೆದರು. ಅಂಗಡಿಯವರು ಒಡಲಿನ ಮರದ ಮಹಿಮೆಯನ್ನು ಹೊಗಳಿ ಎರಡು ಸಾವಿರ ಹೆಚ್ಚು ಕೇಳಿದಾಗ ಈ ಬಾಣಲೆಯನ್ನು ನೆನೆಯುವುದು ಒಳ್ಳೆಯದು.

ಅಗ್ಗವೆಂಬುದು ಈ ವಾದ್ಯಕ್ಕೆ ಅಪಮಾನವೂ ಅಲ್ಲ. ಕ್ಯಾಲಿಫೋರ್ನಿಯದ ಫುಲರ್ಟನ್ ಪಟ್ಟಣದಲ್ಲಿ ರೇಡಿಯೋ ದುರಸ್ತಿಯ ಅಂಗಡಿ ಇಟ್ಟಿದ್ದ ಲಿಯೊ ಫೆಂಡರನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ಆತ 1950ರ ಸುಮಾರಿಗೆ ಟೆಲಿಕಾಸ್ಟರ್ ಮಾದರಿಯನ್ನೂ 1954ರಲ್ಲಿ ಸ್ಟ್ರಾಟೊಕಾಸ್ಟರನ್ನೂ ತಯಾರಿಸಿದಾಗ, ದಂಡಿಯನ್ನು ಒಡಲಿಗೆ ಅಂಟಿನಿಂದ ಬೆಸೆಯದೆ ನಾಲ್ಕು ತಿರುಪುಗಳಿಂದ ಬಿಗಿದ. ಕೆಟ್ಟರೆ ಬಿಚ್ಚಿ ಬೇರೊಂದನ್ನು ಹಾಕಿದರಾಯಿತು! ರೇಡಿಯೋ ರಿಪೇರಿಯವನ ಬುದ್ಧಿಯೆಂದರೆ ಇದು. ಅಂದು ಆ ಸ್ಟ್ರಾಟೊಕಾಸ್ಟರಿನ ಬೆಲೆ 249 ಡಾಲರು 50 ಸೆಂಟು, ಕಡಿಮೆಯೇನಲ್ಲ. ಆದರೆ ಕಟ್ಟುವ ವಿಧಾನ ಸರಳವಾಗಿದ್ದುದರಿಂದಲೇ ಮುಂದೆ ಅದರ ಅಗ್ಗದ ಪ್ರತಿರೂಪಗಳು ಲೋಕವನ್ನೆಲ್ಲ ತುಂಬುವುದು ಸಾಧ್ಯವಾಯಿತು. ಇನ್ನೂ ಅಗ್ಗದ ಕಡೆಗೆ ನೋಡುವುದಾದರೆ ನ್ಯೂಜರ್ಸಿಯ ನೇಥನ್ ಡೇನಿಯಲ್ ಇದ್ದಾನೆ. ಆತನ ಡೇನ್‌ಎಲೆಕ್ಟ್ರೊ ಗಿಟಾರುಗಳ ಒಡಲು ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆಯದು, ಪಿಕಪ್ಪುಗಳ ಹೊದಿಕೆ ತುಟಿಬಣ್ಣದ ಕೊಳವೆಯದು. ಸಿಯರ್ಸ್ ಎಂಬ ಅಮೆರಿಕದ ಅಂಗಡಿ ಅವನ್ನು ಸಿಲ್ವರ್‌ಟೋನ್ ಎಂಬ ಹೆಸರಿನಲ್ಲಿ ಬಡ ಮಕ್ಕಳಿಗೆಟುಕುವಂತೆ ಮಾರಿತು. ಮುಂದೆ ಲೆಡ್ ಜೆಪ್ಲಿನ್ನಿನ ಜಿಮ್ಮಿ ಪೇಜ್ ಅಂಥದೇ ಡೇನ್‌ಎಲೆಕ್ಟ್ರೊ ಹಿಡಿದು ದೊಡ್ಡ ದೊಡ್ಡ ವೇದಿಕೆಗಳಲ್ಲಿ ನುಡಿಸಿದ. ಇಂಗ್ಲೆಂಡಿನಲ್ಲಿ ಬ್ರಯಾನ್ ಮೇ ಎಂಬ ಹುಡುಗ ಕೊಳ್ಳಲು ಹಣವಿಲ್ಲದೆ, 1963ರಿಂದ ತಂದೆಯೊಡನೆ ಕುಳಿತು, ಹಳೆಯ ಅಗ್ಗಿಷ್ಟಿಕೆಯ ಮರದಿಂದ ದಂಡಿಯನ್ನೂ ಮೋಟಾರ್ ಸೈಕಲ್ಲಿನ ಸ್ಪ್ರಿಂಗುಗಳಿಂದ ಕುದುರೆಯ ಯಂತ್ರವನ್ನೂ ಮಾಡಿಕೊಂಡ ಗಿಟಾರೇ ಕ್ವೀನ್ ವೃಂದದ ನಾದವಾಯಿತು.

ಇನ್ನು ಆಯ್ಕೆಯ ಮಾತು. ಸಂಗ್ರಹಕ್ಕೆ ಒಂದನ್ನು ಸೇರಿಸುವಾಗ, ಇರುವುದರ ತಮ್ಮನನ್ನೇ ತರುವುದು ನನ್ನ ದೃಷ್ಟಿಯಲ್ಲಿ ದಂಡ. ಈಗಿರುವುದು ಏನನ್ನು ಮಾಡಲಾರದೋ ಅದನ್ನು ಮಾಡಬಲ್ಲುದು ಬೇಕು. ನಮ್ಮ ಸ್ಟ್ರಾಟೊಕಾಸ್ಟರ್ ಮಾದರಿಯಲ್ಲಿ ಮೂರು ಒಂಟಿ ಸುರುಳಿಯ ಪಿಕಪ್ಪುಗಳಿವೆ. ಅವುಗಳ ದನಿ ಗಾಜಿನಂತೆ ತಿಳಿ, ಒಪ್ಪಿದೆ. ಆದರೆ ಒಂಟಿ ಸುರುಳಿ ತಂತಿಯನ್ನಷ್ಟೇ ಆಲಿಸುವ ಸಭ್ಯ ಪ್ರಾಣಿಯಲ್ಲ. ಸುತ್ತಮುತ್ತ ಹರಿಯುವ ವಿದ್ಯುತ್ತಿನ ಗುಂಯ್‌ಗುಟ್ಟುವಿಕೆಯನ್ನೂ ಹೀರಿಕೊಳ್ಳುತ್ತದೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದು. ಆ ಐವತ್ತೂ ಅದರ ಗುಣಿತಗಳೂ ಹಾಡಿನ ಕೆಳಗೆ ಒಂದು ಬೇಡದ ಶ್ರುತಿಯಾಗಿ ನಿಲ್ಲುತ್ತವೆ. ನಮ್ಮ ಪೆಂಡಾಲುಗಳಂತೂ ತಿಳಿದೇ ಇವೆ: ಸೀರಿಯಲ್ ಸೆಟ್ಟಿನ ದೀಪಗಳು, ಟ್ಯೂಬ್‌ಲೈಟುಗಳು, ಹಿಂದೆ ಜನರೇಟರು, ನಡುವೆ ಎಲ್ಲೆಂದರಲ್ಲಿ ಹಾಸಿದ ವೈರುಗಳು. ಭಾವಗೀತೆಯ ಪಲ್ಲವಿಗೆ ಮೊದಲಿನ ಮೌನದಲ್ಲಿ ಕೇಳಿಸುವುದು ಜೇನುಗೂಡು! ಇತ್ತೀಚಿನ ಅನೇಕ ಗಿಟಾರುಗಳಂತೆ ನಮ್ಮದರಲ್ಲಿಯೂ ನಡುವಿನ ಸುರುಳಿಯನ್ನು ಹಿಮ್ಮುಖವಾಗಿ ಸುತ್ತಿರುವುದರಿಂದ, ಗುಂಡಿಯನ್ನು ಎರಡನೆಯ ಇಲ್ಲವೆ ನಾಲ್ಕನೆಯ ಸ್ಥಾನದಲ್ಲಿಟ್ಟರೆ ಗದ್ದಲ ಅಡಗುತ್ತದೆ. ಆದರೆ ಸಂಜೆಯೆಲ್ಲ ಆ ಎರಡು ಸ್ಥಾನಗಳಲ್ಲೇ ಕಳೆಯಲಾದೀತೇ?

ಇದಕ್ಕೆ ಮದ್ದು ಕಂಡುಹಿಡಿದವನು ಗಿಬ್ಸನ್ ಸಂಸ್ಥೆಯ ಇಂಜಿನಿಯರ್ ಸೆತ್ ಲವರ್. 1955ರಲ್ಲಿ ಆತ ಎರಡು ಸುರುಳಿಗಳನ್ನು ಅಕ್ಕಪಕ್ಕದಲ್ಲಿಟ್ಟು, ಒಂದರ ಸುತ್ತನ್ನೂ ಅಯಸ್ಕಾಂತದ ಧ್ರುವವನ್ನೂ ಇನ್ನೊಂದಕ್ಕೆ ವಿರುದ್ಧವಾಗಿಸಿದ. ಹೊರಗಿನ ಗದ್ದಲವು ಎರಡರಲ್ಲಿಯೂ ಎದುರು ಬದುರಾಗಿ ಹುಟ್ಟಿ ಒಂದನ್ನೊಂದು ಕೊಂದುಕೊಳ್ಳುತ್ತದೆ. ತಂತಿಯ ನಾದ ಮಾತ್ರ ಒಂದಕ್ಕೊಂದು ಕೂಡಿ ಇನ್ನಷ್ಟು ದಪ್ಪವಾಗಿ ಬರುತ್ತದೆ. 1957ರಿಂದ ಲೆಸ್ ಪಾಲ್ ಗಿಟಾರುಗಳಲ್ಲಿ ಬಂದ ಈ ಜೋಡಿ ಸುರುಳಿಗೆ ಹಂಬಕರ್ ಎಂದು ಹೆಸರು. ಕೆಟ್ಟ ಭೂಸಂಪರ್ಕದಿಂದ ಬರುವ ಗೊರಗೊರವನ್ನು ಇದು ನಿಲ್ಲಿಸಲಾರದು, ನಿಜ; ದೀಪಗಳ ಕಾಟವನ್ನಂತೂ ಬಹುಮಟ್ಟಿಗೆ ಕಳೆಯುತ್ತದೆ. ಹೀಗಾಗಿ ನಮ್ಮ ಮೂರನೆಯ ಗಿಟಾರಿಗೆ ಹಂಬಕರ್ ಇರಲೇಬೇಕೆಂಬುದು ಮೊದಲ ನಿರ್ಣಯ. ಟೆಲಿಕಾಸ್ಟರ್ ಬೇಕೆಂದು ಹಟ ಹಿಡಿದ ಗೆಳೆಯನೊಬ್ಬ ಈ ವಾದದ ಮುಂದೆ ಸೋತನಾದರೂ ಇನ್ನೂ ಮುನಿಸಿಕೊಂಡಿದ್ದಾನೆ.

ಎರಡನೆಯದು ಕುದುರೆ. ಸ್ಟ್ರಾಟೊಕಾಸ್ಟರಿನ ಕುದುರೆ ಸ್ಪ್ರಿಂಗುಗಳ ಮೇಲೆ ಕುಳಿತಿದೆ. ಹಿಡಿಕೆಯನ್ನು ಒತ್ತಿದರೆ ಸ್ವರ ಜಾರುತ್ತದೆ, ಚೆಂದವೇ. ಆದರೆ ಅದನ್ನು ತೇಲುವಂತೆ ಹೊಂದಿಸಿದ್ದಾಗ ಹಾಡಿನ ನಡುವೆ ಒಂದು ತಂತಿ ಕಡಿದರೆ, ಎಳೆತದ ಸಮತೋಲ ತಪ್ಪಿ ಉಳಿದ ಐದೂ ಶ್ರುತಿ ಕೆಡುತ್ತವೆ. ಸ್ಥಿರವಾದ ಕುದುರೆಯಲ್ಲಿ ಉಳಿದವು ಬಹುಮಟ್ಟಿಗೆ ನಿಂತಲ್ಲೇ ನಿಲ್ಲುತ್ತವೆ; ಐದರಲ್ಲಿಯೇ ಹಾಡನ್ನು ದಡ ಮುಟ್ಟಿಸಬಹುದು. ತಂತಿಯ ಉದ್ದದಲ್ಲಿಯೂ ಭೇದವಿದೆ. ಫೆಂಡರ್ ಮಾದರಿಯಲ್ಲಿ ಅದು 648 ಮಿಲಿಮೀಟರು, ಗಿಬ್ಸನ್ ಮಾದರಿಯಲ್ಲಿ ಸುಮಾರು 628. ಇಪ್ಪತ್ತು ಮಿಲಿಮೀಟರು ಯಾವ ಮಹಾ ಎನ್ನಬೇಡಿ. ಅದೇ ತಂತಿಯನ್ನು ಅದೇ ಶ್ರುತಿಗೆ ಏರಿಸಿದಾಗ ಗಿಡ್ಡ ದಂಡಿಯಲ್ಲಿ ಬಿಗಿ ನೂರಕ್ಕೆ ಆರರಷ್ಟು ಕಡಿಮೆಯಾಗುತ್ತದೆ. ನಮ್ಮ ಹಾಡುಗಳ ಗಮಕಕ್ಕಾಗಿ ತಂತಿಯನ್ನು ಎಳೆಯುವ ಬೆರಳಿಗೆ ಆ ಆರು ಚೆನ್ನಾಗಿ ತಿಳಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಬೇಕಾದುದು ದಂಡಿಯನ್ನು. ಪಿಕಪ್ಪು ಸಾಧಾರಣವಾಗಿದ್ದರೆ ನಾಳೆ ಬದಲಿಸಬಹುದು. ಬಿರಡೆ ಜಾರಿದರೆ ಬೇರೆ ಹಾಕಬಹುದು. ಗುಂಡಿ ಕರಕರವೆಂದರೆ ಕಾವಿಡುವ ಕಡ್ಡಿಯೊಂದಿದ್ದರೆ ನಾವೇ ಬೆಸುಗೆ ಹಾಕಬಹುದು. ದಂಡಿ ತಿರುಚಿದ್ದರೆ ಅಗ್ಗದ ಗಿಟಾರಿನ ಕಥೆ ಅಲ್ಲಿಗೆ ಮುಗಿಯಿತು. ವೀಣೆಯ 24 ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಿರುತ್ತಾರೆ. ಸ್ವರ ತಪ್ಪಿದರೆ ಬಲ್ಲವರು ಮೇಣ ಕರಗಿಸಿ ಸರಿಪಡಿಸುತ್ತಾರೆ. ಗಿಟಾರಿನ ಮೆಟ್ಟಿಲುಗಳಾದರೋ ಮರದ ಸೀಳಿನಲ್ಲಿ ಬಡಿದು ಕೂರಿಸಿದವು. 648 ಮಿಲಿಮೀಟರಿನ ತಂತಿಯಾದರೆ ಮೊದಲ ಮೆಟ್ಟಿಲು ತಲೆಯ ಕಡೆಯಿಂದ 36.4 ಮಿಲಿಮೀಟರಿನಲ್ಲಿ, ಹನ್ನೆರಡನೆಯದು ಸರಿಯಾಗಿ ನಡುವೆ, 324ರಲ್ಲಿ. ಈಗ ಸೀಳನ್ನು ಗಣಕಯಂತ್ರ ನಡೆಸುವ ಗರಗಸ ಕೊಯ್ಯುವುದರಿಂದ ಸ್ಥಾನ ತಪ್ಪುವುದು ಅಪರೂಪ. ತಪ್ಪುವುದು ಎತ್ತರ, ತಪ್ಪುವುದು ಅಂಚಿನ ನುಣುಪು. ಏಕೆಂದರೆ ಅವು ಕೈಕೆಲಸ, ಅಲ್ಲಿಯೇ ಅಗ್ಗದವರು ಹೊತ್ತನ್ನು ಉಳಿಸುವುದು.

ಆದ್ದರಿಂದ ಅಂಗಡಿಯಲ್ಲಿ ಧ್ವನಿವರ್ಧಕಕ್ಕೆ ಜೋಡಿಸುವ ಮೊದಲೇ, ಗಿಟಾರನ್ನು ಬಂದೂಕಿನಂತೆ ಎತ್ತಿ ತಲೆಯ ಕಡೆಯಿಂದ ಒಂದು ಕಣ್ಣು ಮುಚ್ಚಿ ದಂಡಿಯುದ್ದಕ್ಕೂ ನೋಡಬೇಕು. ಅಂಗಡಿಯವರು ನಗಲಿ, ಚಿಂತೆಯಿಲ್ಲ. ಸ್ವಲ್ಪ ಬಾಗಿದ್ದರೆ ಹೆದರಬೇಕಿಲ್ಲ. ಒಳಗೆ ಉಕ್ಕಿನ ಸರಳಿದೆ, ಅದನ್ನು ತಿರುಗಿಸಿ ಸರಿಪಡಿಸಬಹುದು. ಗಿಬ್ಸನ್ನಿನ ಥಾಡಿಯಸ್ ಮೆಕ್‌ಹ್ಯೂ 1923ರಲ್ಲಿ ಪೇಟೆಂಟು ಪಡೆದ ಉಪಾಯವಿದು. ತಿರುಚಿದ್ದರೆ ಮಾತ್ರ ಕೆಳಗಿಟ್ಟು ಬರಬೇಕು. ಬಳಿಕ ಆರೂ ತಂತಿಗಳನ್ನು ಒಂದೊಂದೇ ಮೆಟ್ಟಿಲಿನಲ್ಲಿ ಮೀಟುತ್ತ ಹೋಗಬೇಕು. ಎಲ್ಲೋ ಒಂದೆಡೆ ಮಾತ್ರ ಝರ್ರೆಂದರೆ ಮುಂದಿನ ಮೆಟ್ಟಿಲು ಎತ್ತರವಾಗಿದೆಯೆಂದರ್ಥ. ಅಂಗೈಯನ್ನು ದಂಡಿಯ ಅಂಚಿನ ಮೇಲೆ ಎಳೆದು ನೋಡಬೇಕು. ಮಳೆಗಾಲದಲ್ಲಿ ನುಣುಪಾಗಿದ್ದ ಅಂಚು ಬೇಸಿಗೆಯಲ್ಲಿ ಗರಗಸದ ಹಲ್ಲಿನಂತಾಗುವುದುಂಟು. ಒಣಗಿದ ಮರ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ. ಇದೇ ಕಾರಣಕ್ಕೆ ನಮ್ಮ ಖರೀದಿಯನ್ನು ಮಾರ್ಚಿಗೆ ಇಟ್ಟುಕೊಂಡಿದ್ದೇವೆ. ಅಷ್ಟು ಹೊತ್ತಿಗೆ ಅಂಗಡಿಯ ಗಿಟಾರುಗಳು ತಮ್ಮ ಹಲ್ಲನ್ನು ತೋರಿಸಿರುತ್ತವೆ.

ಬೆರಳು ಓಡಾಡುವ ಆ ಹಲಗೆಯ ವಿಷಯದಲ್ಲಿ ಮಲೆನಾಡಿನವರು ಹೆಮ್ಮೆಪಡಬಹುದಾದ ಸಂಗತಿಯೊಂದಿದೆ. ಗಿಟಾರು ಲೋಕದಲ್ಲಿ ರೋಸ್‌ವುಡ್ ಎಂದು ಹೆಸರಾದ ಮರಗಳಲ್ಲಿ ಮುಖ್ಯವಾದುದು ನಮ್ಮ ಪಶ್ಚಿಮ ಘಟ್ಟದ ಬೀಟೆ. 2017ರ ಜನವರಿಯಿಂದ ಆ ಕುಲದ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರದ ಕಟ್ಟುಪಾಡಿಗೆ ಒಳಪಟ್ಟವು. 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ಈ ನಡುವೆ ಅಗ್ಗದ ಗಿಟಾರಿನವರು ಬೇರೆ ಮರಗಳನ್ನು ಹುಡುಕಿಕೊಂಡರು. ಇಂದು ಸ್ಕ್ವಯರ್, ಎಪಿಫೋನ್ ಗಿಟಾರುಗಳ ವಿವರದಲ್ಲಿ ಇಂಡಿಯನ್ ಲಾರೆಲ್ ಎಂಬ ಘನವಾದ ಹೆಸರನ್ನು ಕಂಡು ಬೆರಗಾಗುವವರಿಗೆ ಹೇಳಬೇಕು, ಅದು ನಮ್ಮ ಮತ್ತಿ ಮರ! ಮನೆ ಕಟ್ಟುವವರು ತೊಲೆಗೆಂದು ಹುಡುಕುತ್ತಿದ್ದ ಮರ. ಗಟ್ಟಿಯಾದುದೇ, ಬೀಟೆಯಲ್ಲವೆಂದು ಬಿಡಬೇಕಾದ ಕಾರಣವಿಲ್ಲ.

ಹೆಸರುಗಳ ಮಾತನ್ನು ಬೇಗ ಮುಗಿಸುತ್ತೇನೆ. ಸ್ಕ್ವಯರ್ ಮೂಲತಃ ತಂತಿ ಮಾಡುವ ಕಂಪೆನಿ. 1965ರಲ್ಲಿ ಫೆಂಡರಿನವರು ಅದನ್ನು ಕೊಂಡು, 1982ರಿಂದ ಜಪಾನಿನಲ್ಲಿ ಮಾಡಿಸಿದ ತಮ್ಮ ಅಗ್ಗದ ಗಿಟಾರುಗಳಿಗೆ ಆ ಹೆಸರಿಟ್ಟರು. ನ್ಯೂಯಾರ್ಕಿನ ಎಪಿಫೋನ್ 1957ರಲ್ಲಿ ಗಿಬ್ಸನ್ನಿನ ಒಡೆಯರ ಕೈಸೇರಿತು. ಕೊರಿಯಾ ಮೂಲದ ಕಾರ್ಟ್ ಕಂಪೆನಿ ತನ್ನ ಇಂಡೊನೇಷ್ಯದ ಕಾರ್ಖಾನೆಯಲ್ಲಿ ತನ್ನ ಹೆಸರಿನವಲ್ಲದೆ ಪರರ ಹೆಸರಿನ ಗಿಟಾರುಗಳನ್ನೂ ಮಾಡಿಕೊಡುತ್ತದೆ. ಹೀಗೆ ಒಂದೇ ಸೂರಿನಡಿ ಹುಟ್ಟಿದವು ಬೇರೆ ಬೇರೆ ತಲೆಬರಹ ಹೊತ್ತು ಬೇರೆ ಬೇರೆ ಬೆಲೆಗೆ ಹೋಗುವುದುಂಟು. ತಲೆಯ ಮೇಲಿನ ಹೆಸರಿಗೆ ಒಂದು ಬೆಲೆ ಉಂಟು. ಮರಳಿ ಮಾರುವಾಗ ಅದು ಒದಗುತ್ತದೆ. ನುಡಿಸುವಾಗ ಅಲ್ಲ.

ಇಷ್ಟೆಲ್ಲ ಅಳೆದು ತೂಗಿ ನಾವು ನಿಂತಿರುವುದು 1961ರಲ್ಲಿ ಗಿಬ್ಸನ್ನಿನವರು ತಂದ, ಎರಡು ಕೊಂಬುಗಳ ಎಸ್‌ಜಿ ಮಾದರಿಯ ಅಗ್ಗದ ರೂಪದ ಬಳಿ. ಲೆಸ್ ಪಾಲಿನ ಗುಣಗಳೆಲ್ಲ ಇದರಲ್ಲಿವೆ: ಹಂಬಕರ್, ಸ್ಥಿರವಾದ ಕುದುರೆ, ಗಿಡ್ಡ ದಂಡಿ. ಆದರೆ ಲೆಸ್ ಪಾಲ್ ನಾಲ್ಕು ಕಿಲೋಗ್ರಾಮಿನ ಆಸುಪಾಸು ತೂಗುತ್ತದೆ. ನಾಲ್ಕು ಗಂಟೆ ನಿಂತು ನುಡಿಸುವವನ ಹೆಗಲಿಗೆ ಎಸ್‌ಜಿಯ ತೆಳು ಒಡಲೇ ಹಿತ. ದೋಷವಿಲ್ಲವೆಂದಲ್ಲ. ಒಡಲು ಹಗುರವಾದುದರಿಂದ ಕೈಬಿಟ್ಟೊಡನೆ ದಂಡಿ ನೆಲದ ಕಡೆಗೆ ವಾಲುತ್ತದೆ. ಒರಟು ಬಟ್ಟೆಯ ಅಗಲವಾದ ಪಟ್ಟಿ ಇದಕ್ಕೆ ಔಷಧ. ಹಿಂದಕ್ಕೆ ಬಾಗಿದ ಅದರ ತಲೆ ಬಿದ್ದರೆ ಕತ್ತಿನಲ್ಲಿ ಮುರಿಯುವ ಸ್ವಭಾವದ್ದು. ಪೆಂಡಾಲಿನ ಕಂಬಕ್ಕೆ ಒರಗಿಸಿ ಚಹಾ ಕುಡಿಯಲು ಹೋಗುವ ಅಭ್ಯಾಸವನ್ನು ನಾವು ಬಿಡಬೇಕಾದೀತು.

ಇಪ್ಪತ್ತು ಸಾವಿರದಲ್ಲಿ ಗಿಟಾರಿಗೆಂದು ಇಟ್ಟಿರುವುದು ಹದಿನಾರು ಮಾತ್ರ. ಉಳಿದುದರಲ್ಲಿ ಬಲ್ಲವರಿಂದ ಮೆಟ್ಟಿಲು ತಿದ್ದಿಸಿ ಶ್ರುತಿ ಕೂಡಿಸುವ ಕೂಲಿ, ಒಂದು ಸ್ಟ್ಯಾಂಡು, ಒಳ್ಳೆಯ ಕೇಬಲ್ಲು. ಇದಲ್ಲದೆ ಪ್ಲಗ್ಗಿನ ಭೂಸಂಪರ್ಕ ಸರಿಯಿದೆಯೇ ಎಂದು ದೀಪ ಹತ್ತಿಸಿ ತೋರುವ ಒಂದು ಪುಟ್ಟ ಉಪಕರಣ. ವಿದ್ಯುತ್ ಗಿಟಾರಿನ ತಂತಿಗಳು ಕುದುರೆಯ ಮೂಲಕ ಧ್ವನಿವರ್ಧಕದ ಭೂತಂತಿಗೆ ಸೇರಿರುತ್ತವೆ. ತಂತಿಯನ್ನು ಹಿಡಿದ ಕೈ, ಮೈಕಿಗೆ ತಾಗಿದ ತುಟಿ, ಎರಡರ ನಡುವೆ ಕೆಟ್ಟ ವೈರಿಂಗು ಸೇರಿದರೆ ದೇಹವೇ ದಾರಿಯಾಗುತ್ತದೆ. ಸ್ಟೋನ್ ದಿ ಕ್ರೋಸ್ ವೃಂದದ ಗಿಟಾರುಗಾರ ಲೆಸ್ ಹಾರ್ವೆ 1972ರಲ್ಲಿ ವೇಲ್ಸಿನ ಸ್ವಾನ್ಸಿಯಲ್ಲಿ, ಭೂಸಂಪರ್ಕವಿಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ತೀರಿಕೊಂಡ. ನಮ್ಮ ಪಟ್ಟಿಯಲ್ಲಿ ಆ ಉಪಕರಣವನ್ನು ಗಿಟಾರಿಗಿಂತ ಮೊದಲು ಬರೆದಿದ್ದೇವೆ. ಅದನ್ನು ಈ ವಾರವೇ ತರುತ್ತೇವೆ.